ಓವನ್ನಿನ ಟೊಮೆಟೊ ಪಾಸ್ತಾ: ಹದ ಒಲೆಯ ಮೇಲೆಯೇ ಸಿಗಬೇಕು

ರಾತ್ರಿಯ ಊಟಕ್ಕೆ ನಾನು ಆಗಾಗ ಮಾಡುವ ಅಡುಗೆಗಳಲ್ಲಿ ಓವನ್ನಿನಲ್ಲಿ ಬೇಯಿಸುವ ಟೊಮೆಟೊ ಪಾಸ್ತಾವೂ ಒಂದು. ನಾಲ್ವರಿಗೆ 300 ಗ್ರಾಂ ಪೆನ್ನೆ (ಕೊಳವೆಯಾಕಾರದ ಪಾಸ್ತಾ), ಒಂದು ಕಿಲೋ ಚೆನ್ನಾಗಿ ಹಣ್ಣಾದ ಟೊಮೆಟೊ, ನಾಲ್ಕೈದು ಎಸಳು ಬೆಳ್ಳುಳ್ಳಿ, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, 150 ಗ್ರಾಂ ಮೊಝರೆಲ್ಲಾ ಚೀಸ್, ಒಂದು ಹಿಡಿ ತುರಿದ ಪಾರ್ಮೆಸಾನ್ ಚೀಸ್, ಸ್ವಲ್ಪ ಒಣ ಒರೆಗಾನೊ ಮತ್ತು ಕೆಲವು ಬೇಸಿಲ್ ಎಲೆಗಳು ಸಾಕಾಗುತ್ತವೆ. ಪಾಸ್ತಾ ಕೊನೆಗೆ ಒಣಗಿ ಬಿರುಸಾಗುವುದೋ, ಬೆಂದು ಮುದ್ದೆಯಾಗುವುದೋ ಎಂಬುದು ಇನ್ನೂ ಒಲೆಯ ಮೇಲಿರುವಾಗಲೇ ತೀರ್ಮಾನವಾಗಿಬಿಡುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ನನ್ನ ಗಮನವೆಲ್ಲ ಸಾಸಿನ ಮೇಲೆ ಇರುತ್ತದೆ.

ಟೊಮೆಟೊಗಳ ತಳದಲ್ಲಿ ಚಾಕುವಿನಿಂದ ಗೀರಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಈ ಕೆಲಸವನ್ನು ನಾನು ಬಿಡುವುದಿಲ್ಲ, ಏಕೆಂದರೆ ಸಿಪ್ಪೆ ಎಷ್ಟು ಬೆಂದರೂ ಕರಗದೆ ಸುರುಳಿ ಸುತ್ತಿಕೊಂಡು ಬಾಯಿಗೆ ಸಿಗುತ್ತದೆ. ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ ಬಾಡಿಸಿ, ಅಂಚು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಹೆಚ್ಚಿದ ಟೊಮೆಟೊ, ಒರೆಗಾನೊ ಮತ್ತು ಉಪ್ಪನ್ನು ಹಾಕುತ್ತೇನೆ. ಬೆಳ್ಳುಳ್ಳಿ ಕಂದಿದರೆ ಅದರ ಕಹಿ ಇಡೀ ಸಾಸಿಗೆ ಹರಡುತ್ತದೆ. ಮೊದಮೊದಲು ಬೀಜದ ನೀರು ಬೇರೆಯಾಗಿ, ಸಣ್ಣ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಿರುತ್ತವೆ. ಇಪ್ಪತ್ತೈದು ನಿಮಿಷ ಕಳೆಯುವ ಹೊತ್ತಿಗೆ ಗುಳ್ಳೆಗಳು ದೊಡ್ಡದಾಗಿ ನಿಧಾನಗೊಳ್ಳುತ್ತವೆ, ಹಸಿ ವಾಸನೆ ಹೋಗಿರುತ್ತದೆ, ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತದೆ, ಮತ್ತು ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಗಡಿಯಾರಕ್ಕಿಂತ ಈ ಗೆರೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಸಾಸ್ ಬೇಯುವಾಗಲೇ ಇನ್ನೊಂದು ಒಲೆಯಲ್ಲಿ ಮೂರು ಲೀಟರ್ ನೀರಿಗೆ ಸುಮಾರು 30 ಗ್ರಾಂ ಉಪ್ಪು ಹಾಕಿ ಪೆನ್ನೆಯನ್ನು ಬೇಯಿಸುತ್ತೇನೆ. ಪೊಟ್ಟಣದ ಮೇಲೆ ಬರೆದಿರುವ ಸಮಯಕ್ಕಿಂತ ಎರಡು ಮೂರು ನಿಮಿಷ ಮೊದಲೇ ಇಳಿಸಬೇಕು. ಒಂದನ್ನು ಕಚ್ಚಿ ನೋಡಿದಾಗ ನಡುವೆ ಬಿಳಿಯ ಸಣ್ಣ ಗೆರೆ ಕಾಣಬೇಕು, ಹಲ್ಲಿಗೆ ತುಸು ಗಟ್ಟಿ ಎನಿಸಬೇಕು. ಉಳಿದ ಬೇಯುವಿಕೆ ಓವನ್ನಿನಲ್ಲಿ ಆಗುತ್ತದೆ. ಬಸಿಯುವ ಮುನ್ನ ಒಂದು ಲೋಟ ನೀರನ್ನು ಎತ್ತಿಟ್ಟುಕೊಳ್ಳುತ್ತೇನೆ. ಬಸಿದ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯುವುದಿಲ್ಲ, ಏಕೆಂದರೆ ಅದರ ಮೇಲಿನ ಗಂಜಿಯಿಂದಲೇ ಸಾಸ್ ಅಂಟಿಕೊಳ್ಳುವುದು.

ಪಾಸ್ತಾವನ್ನು ಸಾಸಿಗೆ ಹಾಕಿ, ಎತ್ತಿಟ್ಟ ಗಂಜಿನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ, ಪಾತ್ರೆಯನ್ನು ಓರೆ ಮಾಡಿದರೆ ಮೂಲೆಯಲ್ಲಿ ರಸ ನಿಲ್ಲುವಷ್ಟು ಸಡಿಲ ಮಾಡುತ್ತೇನೆ. ನೋಡುವವರಿಗೆ ಇದು ನೀರಾಯಿತು ಎನಿಸುವುದು ಸಹಜ. ಆದರೆ ಅರೆಬೆಂದ ಪಾಸ್ತಾ ಓವನ್ನಿನಲ್ಲಿ ಆ ರಸವನ್ನೆಲ್ಲ ಹೀರಿಕೊಳ್ಳುತ್ತದೆ. ಒಲೆಯ ಮೇಲೆ ತಿನ್ನಲು ಸರಿಯಾದ ಹದದಲ್ಲಿದ್ದರೆ ತಟ್ಟೆಗೆ ಬರುವಾಗ ಅದು ಒಣಗಿರುತ್ತದೆ.

ನೀರಿನಲ್ಲಿ ಅದ್ದಿಟ್ಟ ತಾಜಾ ಮೊಝರೆಲ್ಲಾ ಆದರೆ ಚೂರು ಮಾಡಿ ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಡಬೇಕು, ಇಲ್ಲದಿದ್ದರೆ ಮೇಲ್ಪದರ ಕೆಂಪಗಾಗುವ ಬದಲು ನೀರು ಬಿಡುತ್ತದೆ. ಅರ್ಧದಷ್ಟನ್ನು ಪಾಸ್ತಾದ ನಡುವೆ, ಉಳಿದದ್ದನ್ನು ಪಾರ್ಮೆಸಾನ್ ಜೊತೆ ಮೇಲೆ ಹರಡುತ್ತೇನೆ. ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್ನಿನಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ಫಾಯಿಲ್ ತೆಗೆದು ಇನ್ನೊಂದು 10 ನಿಮಿಷ ಇಟ್ಟರೆ ಅಂಚಿನ ಪೆನ್ನೆಗಳ ತುದಿ ಗರಿಗರಿಯಾಗುತ್ತದೆ. ಹೊರತೆಗೆದ ಕೂಡಲೇ ಬಡಿಸದೆ ಹತ್ತು ನಿಮಿಷ ಬಿಡುವುದು ಅಗತ್ಯ. ಅಷ್ಟರಲ್ಲಿ ಕುದಿಯುತ್ತಿದ್ದ ರಸ ತಣಿದು ಪಾಸ್ತಾದೊಂದಿಗೆ ಹೊಂದಿಕೊಳ್ಳುತ್ತದೆ. ಬೇಸಿಲ್ ಎಲೆಗಳನ್ನು ಓವನ್ನಿನಲ್ಲಿ ಇಟ್ಟರೆ ಕಪ್ಪಾಗುವುದರಿಂದ, ಬಡಿಸುವಾಗಲಷ್ಟೇ ಹರಿದು ಹಾಕುತ್ತೇನೆ.