ಇಪ್ಪತ್ತಾರಕ್ಕೆ ಎರಡು ಕಮ್ಮಿ

ಮೊದಲ ಸಲ ನನಗೆ ನಲವತ್ತಕ್ಕೆ ಬಂದದ್ದು 24. ಪಾಸಾಗಲು 26 ಬೇಕು. ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಯೇ ಸಂಬಳ ಎಣಿಸುತ್ತಿರುವವಳು, ಟೆಸ್ಟರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಟಿಕ್ಯೂಬಿಯ ಮೊದಲ ಹಂತದ ಫೌಂಡೇಶನ್ ಪರೀಕ್ಷೆಯಲ್ಲಿ ಫೇಲಾದೆ ಅಂತ ಟೀಮಿನವರಿಗೆ ಹೇಳಲು ಒಂದು ವಾರ ಹಿಡಿಯಿತು.

ನಾನಿರುವುದು ಆಲ್ದೂರಿನ ಹತ್ತಿರ, ತೋಟದ ಮನೆಯಲ್ಲಿ. ಕಂಪನಿ ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬರುತ್ತೇನೆ. ಕೆಲಸವೆಲ್ಲ ಸ್ಪ್ರಿಂಟ್ ಅನ್ನುವ ಎರಡೆರಡು ವಾರದ ಕಂತುಗಳಲ್ಲಿ, ಐದು ಜನ ಡೆವಲಪರ್‌ಗಳಿಗೆ ನಾನೊಬ್ಬಳೇ ಟೆಸ್ಟರ್. ನನಗೆ ಬೇಕಿದ್ದದ್ದು, ಹೀಗೆ ಕಂತುಕಂತಾಗಿ ಕೆಲಸ ಮಾಡುವ ಟೀಮಿನ ಟೆಸ್ಟರ್‌ಗಳಿಗಿರುವ ಅಜೈಲ್ ಟೆಸ್ಟರ್ ಸರ್ಟಿಫಿಕೇಟ್. ಫೌಂಡೇಶನ್ ಮುಗಿಸದೆ ಅದಕ್ಕೆ ಕೂರುವಂತಿಲ್ಲ. ದಿನಾ ಮಾಡುವ ಕೆಲಸವೇ ತಾನೆ, ಅದೇನು ಮಹಾ ಎಂದುಕೊಂಡು ಹದಿನೈದು ದಿನ ಮೇಲೆಮೇಲೆ ಓದಿ ಕೂತಿದ್ದೆ.

ಕೆಡಿಸಿದ್ದೇ ಆ ದಿನಾ ಮಾಡುವ ಕೆಲಸ. ನಮ್ಮ ಟೀಮಿನಲ್ಲಿ ಎಲ್ಲವೂ 'ಬಗ್'. ಸಿಲಬಸ್ಸಿನಲ್ಲಿ ಹಾಗಲ್ಲ: ಮನುಷ್ಯ ಮಾಡುವ ತಪ್ಪು ಎರರ್, ಅದರಿಂದ ಕೋಡಿನಲ್ಲೋ ದಾಖಲೆಯಲ್ಲೋ ಸೇರಿಕೊಳ್ಳುವುದು ಡಿಫೆಕ್ಟ್, ಆ ಕೋಡ್ ಓಡಿದಾಗ ಕಣ್ಣಿಗೆ ಬೀಳುವುದು ಫೇಲ್ಯೂರ್. ಪ್ರಶ್ನೆಯಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ. ಬೌಂಡರಿ ವ್ಯಾಲ್ಯೂದಲ್ಲೂ, ಅಂದರೆ ಮಿತಿಯ ಅಂಚಿನ ಸಂಖ್ಯೆಗಳನ್ನು ಹಾಕಿ ಪರೀಕ್ಷಿಸುವುದರಲ್ಲೂ, ಅದೇ ಕಥೆ. ಬೆಳೆಗಾರರು ಬಳಸುವ ನಮ್ಮ ಆ್ಯಪ್‌ನಲ್ಲಿ ಒಂದು ಬಿಲ್ಲಿಗೆ 1ರಿಂದ 500 ಚೀಲ ಹಾಕಬಹುದು ಅಂತಿಟ್ಟುಕೊಳ್ಳಿ. ನಾನಾದರೆ 0 ಹಾಕಿ ನೋಡುತ್ತೇನೆ, 9999 ಹಾಕಿ ನೋಡುತ್ತೇನೆ, ಸಾಲದೆ ಎಬಿಸಿಡಿ ಹೊಡೆದೂ ನೋಡುತ್ತೇನೆ. ಎರಡು ಮೌಲ್ಯದ ವಿಧಾನ ಕೇಳುವುದು ನಾಲ್ಕೇ: 0, 1, 500, 501. ಮೂರು ಮೌಲ್ಯದ್ದಾದರೆ ಗಡಿಯ ಅಕ್ಕಪಕ್ಕದವೂ ಬರಬೇಕು. 'ನಾನಾಗಿದ್ದರೆ ಏನು ಮಾಡುತ್ತಿದ್ದೆ' ಅಂತ ಯೋಚಿಸಿ ಟಿಕ್ ಹಾಕಿದ್ದೆಲ್ಲ ಹೋಯಿತು.

ಎರಡನೇ ಸಲ ಸಿಲಬಸ್ಸನ್ನು ಇಳಿಸಿಕೊಂಡು ಪ್ರಿಂಟ್ ಹಾಕಿಸಿದೆ. ಸಿಲಬಸ್ಸೂ ಮಾದರಿ ಪತ್ರಿಕೆಗಳೂ ಐಎಸ್‌ಟಿಕ್ಯೂಬಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಮೊದಲು ದುಡ್ಡು ಕೊಟ್ಟು ಕೊಂಡ ಪ್ರಶ್ನೆಗಳ ಕಟ್ಟು ಹಳೇ ಸಿಲಬಸ್ಸಿನದ್ದು ಅಂತ ಗೊತ್ತಾದದ್ದು ಆಗಲೇ. 2023ರಲ್ಲಿ ಬಂದ 4.0 ಸಿಲಬಸ್ಸಿನಲ್ಲಿ ಆರು ಅಧ್ಯಾಯ, ಪತ್ರಿಕೆಯಲ್ಲಿ 40 ಪ್ರಶ್ನೆ. ನಾಲ್ಕನೇ ಅಧ್ಯಾಯದಿಂದ 11, ಐದನೆಯದರಿಂದ 9, ಅಲ್ಲಿಗೆ ಅರ್ಧ ಪತ್ರಿಕೆ ಮುಗಿಯಿತು. ಟೂಲ್‌ಗಳ ಆರನೇ ಅಧ್ಯಾಯಕ್ಕೆ ಎರಡೇ ಎರಡು. ಮೊದಲ ಸಲ ನಾನು ಅದಕ್ಕೆ ಮೂರು ದಿನ ಕೊಟ್ಟಿದ್ದೆ!

ಇನ್ನೊಂದು ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಮಾತೃಭಾಷೆಯಲ್ಲದ ಭಾಷೆಯಲ್ಲಿ ಪರೀಕ್ಷೆ ಬರೆಯುವವರಿಗೆ ಶೇ. 25 ಹೆಚ್ಚುವರಿ ಸಮಯ ಸಿಗುತ್ತದೆ, 60 ನಿಮಿಷ 75 ಆಗುತ್ತದೆ. ಹೆಸರು ನೋಂದಾಯಿಸುವಾಗಲೇ ನೋಡಿಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

ಟೆಸ್ಟಿಂಗಿನ ಏಳು ತತ್ವಗಳಲ್ಲಿ ಒಂದು, ಡಿಫೆಕ್ಟ್‌ಗಳು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಡೆ ಗುಂಪಾಗಿರುತ್ತವೆ ಅನ್ನುವುದು. ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಪ್ಪ ಕೇಳಿಸಿಕೊಂಡರು. "ಇದನ್ನ ಓದಕ್ಕೆ ದುಡ್ ಕಟ್ಟಿದೀಯಾ? ಬೋರರ್ ನೋಡಕ್ಕೆ ಹೋದ್ರೆ ನಾವು ಇಡೀ ತೋಟ ಒಂದೇ ಸಮ ತಿರುಗ್ತೀವೇನೇ? ನೆರಳು ಕಮ್ಮಿ ಇರೋ ಕಡೆ ಅರೇಬಿಕಾ ಗಿಡ ಮೊದಲು ನೋಡ್ತೀವಿ." ಕಾಂಡಕೊರಕ ಬಿಸಿಲು ಬೀಳುವ ಗಿಡಕ್ಕೇ ಮೊದಲು ಹತ್ತುತ್ತದೆ. ಆ ತತ್ವವನ್ನು ಮತ್ತೆ ಓದುವ ಅಗತ್ಯ ಬೀಳಲಿಲ್ಲ.

ಪರೀಕ್ಷೆ ಆನ್‌ಲೈನ್. ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟನ್ನು ನಂಬುವಂತಿಲ್ಲ, ಹಾಗಾಗಿ ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋದೆ. ಕ್ಯಾಮೆರಾ ತಿರುಗಿಸಿ ಇಡೀ ಕೋಣೆ ತೋರಿಸಬೇಕು, ಒಳಗೆ ಬೇರೆ ಯಾರೂ ಬರಬಾರದು. ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಹತ್ತೊಂಬತ್ತನೇ ಪ್ರಶ್ನೆಯಲ್ಲಿದ್ದಾಗ ಹೊರಗಿನಿಂದ, "ಕಾಫಿ ತಣ್ಣಗಾಗ್ತಿದೆ ಕಣೇ, ಬಾಗಿಲ ಹತ್ರನೇ ಇಡ್ಲಾ?" ಉತ್ತರ ಕೊಟ್ಟರೆ ಮಾತಾಡಿದೆ ಅಂತಾಗುತ್ತದೆ, ಕೊಡದಿದ್ದರೆ ಅವರು ಒಳಗೇ ಬರುತ್ತಾರೆ. ಉಸಿರು ಬಿಗಿ ಹಿಡಿದು ಕೂತೆ. ಲೋಟ ನೆಲಕ್ಕಿಟ್ಟ ಸದ್ದಾಯಿತು, ಹೆಜ್ಜೆ ಅಡುಗೆಮನೆ ಕಡೆ ಹೋಯಿತು. 33 ಬಂತು.

ಎರಡು ತಿಂಗಳು ಬಿಟ್ಟು ಬರೆದ ಅಜೈಲ್ ಟೆಸ್ಟರ್ ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅದೂ 40 ಪ್ರಶ್ನೆ, ಪಾಸಾಗಲು ಅದಕ್ಕೂ ಶೇ. 65 ಬೇಕು. ಅರ್ಧದಷ್ಟು ವಿಷಯ ಫೌಂಡೇಶನ್ನಿಗೆ ಓದುವಾಗಲೇ ಪರಿಚಯವಾಗಿತ್ತು. ಆದರೆ ಅದರೊಳಗಿನ ಒಂದು ಭಾಗ ನನ್ನ ಕೆಲಸವನ್ನೇ ಬದಲಾಯಿಸಿತು: ಯೂಸರ್ ಸ್ಟೋರಿಯನ್ನು, ಅಂದರೆ ಬಳಸುವವರಿಗೆ ಏನು ಬೇಕು ಅನ್ನುವುದರ ಚಿಕ್ಕ ವಿವರಣೆಯನ್ನು, ಟೆಸ್ಟ್ ಮಾಡಲು ಬರುವಂತೆ ಡೆವಲಪರ್, ಬಿಸಿನೆಸ್ಸಿನವರು, ಟೆಸ್ಟರ್ ಮೂವರೂ ಕೂತು ಬರೆಯುವುದು. ಅಲ್ಲಿಯವರೆಗೆ ನನ್ನ ಕೈಗೆ ಸ್ಟೋರಿ ಬರುತ್ತಿದ್ದದ್ದು ಕೋಡ್ ಮುಗಿದ ಮೇಲೆ, ಸ್ಪ್ರಿಂಟಿನ ಕೊನೇ ಎರಡು ದಿನದಲ್ಲಿ.

ಮುಂದಿನ ಸ್ಪ್ರಿಂಟಿನ ಪ್ಲಾನಿಂಗ್ ಸಭೆಯಲ್ಲಿ ಒಂದು ಸ್ಟೋರಿ ಬಂತು: 'ಬೆಳೆಗಾರ ತನ್ನ ಹಳೇ ಬಿಲ್ಲುಗಳನ್ನು ಬೇಗ ನೋಡುವಂತಿರಬೇಕು.' ಕೆಲಸ ಎಷ್ಟು ದೊಡ್ಡದು ಅನ್ನುವ ಅಂದಾಜನ್ನು ಒಬ್ಬೊಬ್ಬರೂ ಸಂಖ್ಯೆಯ ಕಾರ್ಡಿನಲ್ಲಿ ತೋರಿಸಬೇಕು. ಡೆವಲಪರ್‌ಗಳೆಲ್ಲ 3ರ ಕಾರ್ಡ್ ತೋರಿಸಿದರು. ನಾನು 8 ತೋರಿಸಿದೆ.

"ಎಂಟು ಯಾಕೆ?"

"ಬೇಗ ಅಂದ್ರೆ ಎಷ್ಟು ಸೆಕೆಂಡು? ಯಾವ ನೆಟ್‌ವರ್ಕಲ್ಲಿ?"

ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಗ ಅಂದ್ರೆ ಬೇಗಪ್ಪಾ" ಅಂದರು. ನಾನು ಫೋನನ್ನು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಹಿಡಿದು ತೋರಿಸಿದೆ. ಮೇಲೆ ಒಂದೇ ಕಡ್ಡಿ ಸಿಗ್ನಲ್. ನಮ್ಮ ಆ್ಯಪ್ ಬಳಸುವವರು ಇರುವುದು ಇಂಥ ಕಡೆಯೇ. ಅರ್ಧ ಗಂಟೆ ಮಾತಾದ ಮೇಲೆ ಸ್ಟೋರಿ ಎರಡಾಯಿತು: ನೆಟ್‌ವರ್ಕ್ ಇದ್ದಾಗ ಮೂರು ಸೆಕೆಂಡಿನೊಳಗೆ ಪಟ್ಟಿ ಬರಬೇಕು ಅನ್ನುವುದು ಒಂದು; ಇಲ್ಲದಾಗ ಕೊನೇ ಹತ್ತು ಬಿಲ್ಲಾದರೂ ಫೋನಿನಲ್ಲೇ ಇರಬೇಕು ಅನ್ನುವುದು ಇನ್ನೊಂದು. ಮೊದಲನೆಯದು ಆ ಸ್ಪ್ರಿಂಟಿನಲ್ಲೇ ಮುಗಿಯಿತು. ಎರಡನೆಯದು ಇನ್ನೂ ಬ್ಯಾಕ್‌ಲಾಗಿನಲ್ಲೇ, ಅಂದರೆ ಬಾಕಿ ಕೆಲಸಗಳ ಪಟ್ಟಿಯಲ್ಲೇ, ಇದೆ. ಪ್ರತಿ ಪ್ಲಾನಿಂಗಿನಲ್ಲೂ ಕೇಳುತ್ತಿದ್ದೇನೆ.