ಸಿ ಕೋಡಿನೊಳಗಿನ ಎಸ್‌ಕ್ಯೂಎಲ್: ಕೋಟ್‌ಗಳು ನನಗೆ ಕಲಿಸಿದ್ದು

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿಗೆ ಎಸ್‌ಕ್ಯೂಎಲ್ (ಡೇಟಾಬೇಸಿನ ಜೊತೆ ಮಾತಾಡುವ ಭಾಷೆ) ಆದೇಶಗಳನ್ನು ಕಳಿಸುವ ನನ್ನ ಸಿ ಪ್ರೋಗ್ರಾಮ್ ತಿಂಗಳುಗಟ್ಟಲೆ ಸರಿಯಾಗಿಯೇ ಓಡುತ್ತಿತ್ತು. ಒಂದು ದಿನ ಯಾರೋ ಹೆಸರಿನ ಜಾಗದಲ್ಲಿ ಓ'ಬ್ರಯನ್ ಎಂದು ಟೈಪ್ ಮಾಡಿದರು, ಎಸ್‌ಕ್ಯೂಲೈಟ್ ಸಿಂಟ್ಯಾಕ್ಸ್ ಎರರ್ ಕೊಟ್ಟಿತು. ನಾನು ಪಠ್ಯ ಜೋಡಿಸುವ ಸಿ ಫಂಕ್ಷನ್ ಸ್ಪ್ರಿಂಟ್‌ಎಫ್‌ನಲ್ಲಿ '%ಎಸ್' ಎಂದು ಬರೆದು ಹೆಸರನ್ನು ನೇರ ತುಂಬುತ್ತಿದ್ದೆ. ಹೆಸರಿನೊಳಗಿನ ಸಿಂಗಲ್ ಕೋಟ್ ಬಂದಲ್ಲಿಗೇ ಡೇಟಾಬೇಸಿನ ಲೆಕ್ಕದಲ್ಲಿ ಹೆಸರು ಮುಗಿದಿತ್ತು.

ಸಿ ಬರೆದು ರೂಢಿಯಾದ ಕೈ ಮೊದಲು ಹೋಗುವುದು, ಸಿಯಲ್ಲಿ ವಿಶೇಷ ಅಕ್ಷರದ ಹಿಂದೆ ಹಾಕುವ ಬ್ಯಾಕ್‌ಸ್ಲ್ಯಾಶ್ ಕಡೆಗೆ. ಪರೀಕ್ಷೆಗೆಂದು ಆ ಹೆಸರನ್ನು ಕೋಡಿನಲ್ಲೇ ಬರೆದು \' ಹಾಕಿದೆ. ಅದೇ ಎರರ್. ಆ ಬ್ಯಾಕ್‌ಸ್ಲ್ಯಾಶನ್ನು ಕಂಪೈಲರ್ ಅಲ್ಲೇ ತೆಗೆದುಬಿಡುತ್ತದೆ, ಡೇಟಾಬೇಸಿಗೆ ತಲುಪುವುದು ಬರೀ '. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಒಂದು ತಲುಪುತ್ತದೆ ನಿಜ, ಆದರೆ ಎಸ್‌ಕ್ಯೂಲೈಟ್‌ಗೆ ಅದು ಮಾಮೂಲಿ ಅಕ್ಷರ. ಎಸ್‌ಕ್ಯೂಎಲ್‌ಗೆ ಬೇಕಾದದ್ದು ಕೋಟನ್ನೇ ಎರಡು ಸಲ ಬರೆಯುವುದು: 'ಓ''ಬ್ರಯನ್'.

ಹಾಗೆ ಜೋಡಿ ಮಾಡುವ ಫಂಕ್ಷನ್ ಬರೆದೆ. ಇಲ್ಲಿ ಬಫರ್ (ಫಲಿತಾಂಶ ಇಡುವ ಮೆಮೊರಿ) ಅಳತೆ ಮುಖ್ಯ. ಎಲ್ಲ ಅಕ್ಷರಗಳೂ ಕೋಟ್ ಆಗಿರಬಹುದು, ಆದ್ದರಿಂದ ಮೂಲ ಉದ್ದದ ಎರಡರಷ್ಟು, ಜೊತೆಗೆ ಕೊನೆಯ ಸೊನ್ನೆಗೆ ಒಂದು ಬೈಟ್ ಬೇಕು. ಎಸ್‌ಕ್ಯೂಲೈಟ್‌ನ ಎಂಪ್ರಿಂಟ್‌ಎಫ್ ಫಂಕ್ಷನ್ನಿನಲ್ಲಿ ಈ ಕೆಲಸಕ್ಕೆಂದೇ '%ಕ್ಯೂ' ಇದೆ ಎಂದು ತಿಳಿದದ್ದು ಆಮೇಲೆ.

ಆದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಒಂದೇ ಒಂದು ಕಡೆ ಆ ಫಂಕ್ಷನ್ ಕರೆಯಲು ಮರೆತರೂ ಹೊರಗಿನವರು ಟೈಪ್ ಮಾಡಿದ ಪಠ್ಯವೇ ಎಸ್‌ಕ್ಯೂಎಲ್ ಆಗಿ ಓಡಬಹುದು. ಕೊನೆಗೆ ಎಲ್ಲ ಕಡೆ ಬೆಲೆಯ (ಹೆಸರಿನಂಥ ಮಾಹಿತಿಯ) ಜಾಗದಲ್ಲಿ ? ಇಟ್ಟು ಆದೇಶವನ್ನು ಮೊದಲೇ ಸಿದ್ಧಪಡಿಸಿ (ಪ್ರಿಪೇರ್), ಆಮೇಲೆ ಬೆಲೆಯನ್ನು ಬೇರೆಯಾಗಿ ಕೊಡುವ (ಬೈಂಡ್) ದಾರಿ ಹಿಡಿದೆ. ಆಗ ಬೆಲೆ ಎಸ್‌ಕ್ಯೂಎಲ್ ಪಠ್ಯದೊಳಗೆ ಬರುವುದೇ ಇಲ್ಲ, ಕೋಟಿನ ಪ್ರಶ್ನೆಯೂ ಇಲ್ಲ. ಎಕ್ಸೆಕ್ ಎಸ್‌ಕ್ಯೂಎಲ್ (ಸಿ ಕೋಡಿನ ನಡುವೆಯೇ ಎಸ್‌ಕ್ಯೂಎಲ್ ಬರೆಯುವ ವಿಧಾನ) ಬರೆಯುವವರಿಗೆ ಇದೇ ಕೆಲಸವನ್ನು ಕೋಲನ್ ಹಚ್ಚಿದ ಹೋಸ್ಟ್ ವೇರಿಯಬಲ್, ಅಂದರೆ ಸಿ ಕೋಡಿನ ವೇರಿಯಬಲ್, ಮಾಡುತ್ತದೆ.

ಬದಲಾಯಿಸುವಾಗ ಒಂದು ತಪ್ಪು ಮಾಡಿದೆ. ಹಳೆಯ ಕೋಟ್‌ಗಳನ್ನು ತೆಗೆಯದೆ '?' ಎಂದೇ ಬಿಟ್ಟಿದ್ದೆ. ಪ್ರಿಪೇರ್ ಗೊಣಗಲಿಲ್ಲ, ಹುಡುಕಿದರೆ ಒಂದೂ ಸಾಲು ಸಿಗಲಿಲ್ಲ. ಕೋಟಿನೊಳಗಿನ ಪ್ರಶ್ನೆಚಿಹ್ನೆ ಬರೀ ಒಂದಕ್ಷರದ ಪಠ್ಯ, ಬೈಂಡ್ ಮಾಡಲು ಅಲ್ಲಿ ಜಾಗವೇ ಇಲ್ಲ. ಬೈಂಡ್ 25 ಎಂಬ ರೇಂಜ್ ಎರರ್ ಹಿಂತಿರುಗಿಸುತ್ತಿತ್ತು, ನಾನು ಆ ಬೆಲೆ ನೋಡುತ್ತಲೇ ಇರಲಿಲ್ಲ. ಅರ್ಧ ದಿನ ಹೋಯಿತು.

ಟೇಬಲ್ ಹೆಸರನ್ನು ಮಾತ್ರ ಬೈಂಡ್ ಮಾಡಲಾಗದು. ಅದು ಡಬಲ್ ಕೋಟಿನೊಳಗೆ ಹೋಗಬೇಕು, ಹೆಸರಲ್ಲೇ ಡಬಲ್ ಕೋಟ್ ಇದ್ದರೆ ಅದೂ ಜೋಡಿ. ಇದಕ್ಕೆ ಎಂಪ್ರಿಂಟ್‌ಎಫ್‌ನ '%ಡಬ್ಲ್ಯೂ' ಬಳಸುತ್ತೇನೆ, ಅದೂ ನಾನೇ ಬರೆದಿಟ್ಟ ಪಟ್ಟಿಯಲ್ಲಿರುವ ಹೆಸರುಗಳಿಗೆ ಮಾತ್ರ.