ಹಳೆಯ ಕಾರನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವವರಿಗೆ: ಹುಬ್ಬಳ್ಳಿ–ಧಾರವಾಡಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೊಂದು ಮಾರ್ಗದರ್ಶಿ

ಮುಂಬೈ, ಪುಣೆ, ಗೋವಾಗಳಿಂದ ವರ್ಗವಾಗಿಯೋ ನಿವೃತ್ತಿಯ ನಂತರವೋ ಅವಳಿ ನಗರಕ್ಕೆ ಬಂದು ನೆಲೆಸುವವರು ಬಾಡಿಗೆ ಮನೆ, ಮಕ್ಕಳ ಶಾಲೆ ಗೊತ್ತಾದ ಮೇಲೆ ನಮ್ಮ ಸಂಘದಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ: “ಹೊರ ರಾಜ್ಯದ ನಂಬರಿನ ಹಳೆಯ ಕಾರಿದೆ. ಇದನ್ನು ಗುಜರಿಗೆ ಹಾಕಿದರೆ ಹೊಸ ಕಾರಿನ ಮೇಲೆ ಎಷ್ಟು ಕಡಿಮೆಯಾಗುತ್ತದೆ?” ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ನಿಜವಾದ ಉಳಿತಾಯ ಇರುವುದು ಕೊಟೇಶನ್ ಹಾಳೆಯ ಸಣ್ಣಪುಟ್ಟ ಸಾಲುಗಳಲ್ಲಿ. ಹಳೆಯ ಗಾಡಿಯ ಲೆಕ್ಕವನ್ನೂ ಹೊಸದರ ಲೆಕ್ಕವನ್ನೂ ಬೇರೆ ಬೇರೆ ಇಟ್ಟುಕೊಂಡವರು ಮಾತ್ರ ಅದನ್ನು ಹಿಡಿಯುತ್ತಾರೆ.

ಮೊದಲು ಒಂದು ಭಯವನ್ನು ಬಿಡಿ. ಹದಿನೈದು ವರ್ಷ ತುಂಬಿದ ಕಾರನ್ನು ಸರ್ಕಾರ ಎಳೆದುಕೊಂಡು ಹೋಗುತ್ತದೆ ಎಂಬ ಮಾತು ದೆಹಲಿಯ ಸುದ್ದಿಯಿಂದ ಹುಟ್ಟಿದ್ದು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಮಿತಿ ರಾಜಧಾನಿ ಪ್ರದೇಶದ್ದು, ನಮ್ಮದಲ್ಲ. ಇಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಯೋಗ್ಯತಾ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆದರೆ ಶುಲ್ಕ ಏರಿದೆ. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹೋಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ನೋಂದಣಿ ಮುಗಿದ ಗಾಡಿಯನ್ನು ಸುಮ್ಮನೆ ಓಡಿಸುತ್ತಿದ್ದರೆ ಮಾತ್ರ ಅದು ಅಪರಾಧ.

ಎಂಎಚ್ (ಮಹಾರಾಷ್ಟ್ರ), ಜಿಎ (ಗೋವಾ) ನಂಬರಿನವರಿಗೆ ಇನ್ನೊಂದು ಗಂಟು ಇದೆ. ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಉಳಿದರೆ ಆ ರಾಜ್ಯದ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರ ಉಳಿಕೆಯನ್ನು ಮರಳಿ ಕೇಳಬೇಕು. ನಾಲ್ಕೈದು ವರ್ಷದ ಗಾಡಿಗೆ ಈ ಓಡಾಟ ತಕ್ಕದ್ದು. ಹದಿಮೂರು ವರ್ಷದ್ದಕ್ಕಾದರೆ ಅಷ್ಟು ಹಣ, ಅಷ್ಟು ರಜೆ ಏಕೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಗುಜರಿ ರಿಯಾಯಿತಿ ಎಂದರೆ ಎಷ್ಟು

ಕೇಂದ್ರದ ವಾಹನ ಗುಜರಿ ನೀತಿಗೆ 2021ರ ಆಗಸ್ಟ್ 13ರಂದು ಚಾಲನೆ ಸಿಕ್ಕಿತು. ನಿಯಮಗಳು ಸೆಪ್ಟೆಂಬರ್‌ನಲ್ಲಿ ಬಂದವು. ನೋಂದಾಯಿತ ಗುಜರಿ ಘಟಕಕ್ಕೆ ಗಾಡಿ ಒಪ್ಪಿಸಿದರೆ ಅವರು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಷೋರೂಮಿನವರು ‘ಸಿಡಿ’ ಎನ್ನುವುದು ಇದನ್ನೇ. ಇದರ ಬಲದ ಮೇಲೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿಯಾಗುತ್ತದೆ (ಕಾರಿಗೆ ಅದು ಬರೀ 600 ರೂಪಾಯಿ, ಹಿಗ್ಗಬೇಡಿ). ಖಾಸಗಿ ವಾಹನದ ತೆರಿಗೆಯಲ್ಲಿ ಗರಿಷ್ಠ ಶೇ. 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಮೂರನೆಯದು ಕಂಪನಿಗಳ ರಿಯಾಯಿತಿ. 2024ರ ಆಗಸ್ಟ್‌ನಲ್ಲಿ ಪ್ರಮುಖ ಕಾರು ತಯಾರಕರು ಕೇಂದ್ರ ಸಾರಿಗೆ ಸಚಿವರೊಂದಿಗಿನ ಸಭೆಯ ನಂತರ ಒಪ್ಪಿಕೊಂಡದ್ದು ಎಕ್ಸ್ ಷೋರೂಮ್ ಬೆಲೆಯ (ನೋಂದಣಿ, ಜೀವಾವಧಿ ತೆರಿಗೆ, ವಿಮೆ ಸೇರುವ ಮುಂಚಿನ ಬೆಲೆ) ಶೇ. 1.5 ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅದು. ಅದೂ ಹಿಂದಿನ ಆರು ತಿಂಗಳೊಳಗೆ ಗುಜರಿಗೆ ಹಾಕಿದ ಕಾರಿಗೆ, ಒಂದು ವರ್ಷದ ಅವಧಿಗೆ. ಆ ಅವಧಿ ಮುಗಿದಿರುವುದರಿಂದ ಈಗ ಆಯಾ ತಿಂಗಳ ಸ್ಕೀಮಿನಲ್ಲಿ ಗುಜರಿ ಬೋನಸ್ ಎಂಬ ಸಾಲು ಇದೆಯೇ ಎಂದು ನೋಡಬೇಕು.

ಲೆಕ್ಕ ಹಾಕಿ ನೋಡಿ. ಎಂಟು ಲಕ್ಷದ ಕಾರಿಗೆ ಶೇ. 1.5 ಎಂದರೆ 12,000 ರೂಪಾಯಿ. ಅದೇ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ. 14, ಅಂದರೆ 1,12,000. ಅದರ ಕಾಲು ಭಾಗ 28,000. ಕಂಪನಿಯ ರಿಯಾಯಿತಿಗಿಂತ ತೆರಿಗೆಯ ರಿಯಾಯಿತಿಯೇ ದೊಡ್ಡದಾಗಬಹುದು, ಆದರೆ ಶೇ. 25 ಎಂಬುದು ಮೇಲ್ಮಿತಿ. ಕೈಗೆ ಸಿಗುವುದು ರಾಜ್ಯದ ಆದೇಶದಲ್ಲಿದ್ದಷ್ಟೇ. ನಿಮ್ಮ ಗಾಡಿಯನ್ನು ಪುಣೆಯಲ್ಲೇ ಗುಜರಿಗೆ ಹಾಕಿ ಬಂದಿದ್ದರೆ ಆ ಪ್ರಮಾಣಪತ್ರ ಇಲ್ಲಿನ ತೆರಿಗೆಗೆ ನಡೆಯುತ್ತದೆಯೇ ಎಂದು ಆರ್‌ಟಿಒದಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ, ಆಮೇಲೆ ಬುಕ್ ಮಾಡಿ. “ಅದೆಲ್ಲ ಆಗುತ್ತದೆ ಸರ್” ಎಂಬ ಸೇಲ್ಸ್ ಹುಡುಗನ ಬಾಯಿಮಾತು ಸಾಲದು.

ಬಹಳ ಜನ ಎಡವುವುದು ಇಲ್ಲಿ: ಗುಜರಿ ರಿಯಾಯಿತಿ ಮತ್ತು ಎಕ್ಸ್‌ಚೇಂಜ್ ಬೋನಸ್ ಎರಡೂ ಒಟ್ಟಿಗೆ ಸಿಗುವುದಿಲ್ಲ. ಗಾಡಿಯನ್ನು ಗುಜರಿಗೆ ಕೊಟ್ಟ ಮೇಲೆ ಡೀಲರ್‌ಗೆ ಬದಲಿಯಾಗಿ ಕೊಡಲು ಏನು ಉಳಿಯುತ್ತದೆ? ಆದ್ದರಿಂದ ಒಂದು ಕಡೆ ಗುಜರಿ ಘಟಕ ಕೊಡುವ ಹಣ, ಕಂಪನಿಯ ರಿಯಾಯಿತಿ, ತೆರಿಗೆಯಲ್ಲಿ ಉಳಿಯುವುದು, ಇಷ್ಟನ್ನು ಕೂಡಿ. ಇನ್ನೊಂದು ಕಡೆ ಡೀಲರ್ ಹಳೆಯ ಗಾಡಿಗೆ ಕಟ್ಟುವ ಬೆಲೆ ಮತ್ತು ಎಕ್ಸ್‌ಚೇಂಜ್ ಬೋನಸ್ ಬರೆಯಿರಿ. ಹೊರಗೆ ನೇರವಾಗಿ ಮಾರಿದರೆ ಎಷ್ಟು ಎಂಬುದನ್ನೂ ವಿಚಾರಿಸಿ. ನಮ್ಮ ಅನುಭವದಲ್ಲಿ ಚೆನ್ನಾಗಿ ಓಡುವ, ಕಾಗದಪತ್ರ ಸರಿಯಿರುವ ಕೆಎ ನಂಬರಿನ ಸಣ್ಣ ಕಾರನ್ನು ಗುಜರಿಗೆ ಹಾಕುವುದು ನಷ್ಟ. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ಗಿರಾಕಿಗಳಿದ್ದಾರೆ. ಗುಜರಿ ದಾರಿ ಸರಿಹೋಗುವುದು ಎಂಜಿನ್ ಕೈಕೊಟ್ಟ, ತಳ ತುಕ್ಕು ಹಿಡಿದ, ಅಥವಾ ಹೊರ ರಾಜ್ಯದ ನಂಬರಿನಿಂದಾಗಿ ಯಾರೂ ಮುಟ್ಟದ ಗಾಡಿಗೆ.

ಗುಜರಿ ಎಂದರೆ ಬೀದಿಯ ಗುಜರಿ ಅಂಗಡಿ ಅಲ್ಲ. ಅವನು ಘಟಕಕ್ಕಿಂತ ನಾಲ್ಕು ಸಾವಿರ ಹೆಚ್ಚು ಎಣಿಸಿಯಾನು, ಆದರೆ ಪ್ರಮಾಣಪತ್ರ ಕೊಡಲಾರ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆ ಗಾಡಿಯ ನಂಬರು ನಾಳೆ ಬೇರೆ ಯಾವ ಗಾಡಿಯ ಮೇಲೆ ಕಾಣಿಸಿಕೊಂಡರೂ ಪೊಲೀಸರು ಬರುವುದು ನಿಮ್ಮ ಮನೆಗೆ. ನೋಂದಾಯಿತ ಘಟಕಗಳ ಪಟ್ಟಿ ಪರಿವಾಹನ್ ಜಾಲತಾಣದಲ್ಲಿ ಸಿಗುತ್ತದೆ, ಅರ್ಜಿಯನ್ನೂ ಅಲ್ಲೇ ಹಾಕಬಹುದು. ಮೂಲ ಆರ್‌ಸಿ ಬೇಕು, ಸಾಲ ತೀರಿ ಬ್ಯಾಂಕಿನ ಹೆಸರು ತೆಗೆದಿರಬೇಕು, ಬಾಕಿ ದಂಡ ಕಟ್ಟಿರಬೇಕು. ಗಾಡಿಯನ್ನು ಎಳೆದೊಯ್ಯುವ ಖರ್ಚು ಯಾರದು ಎಂದು ಮೊದಲೇ ಕೇಳಿ.

ಗೋಕುಲ ರಸ್ತೆಯಲ್ಲಿ ಚೌಕಾಸಿ

ಹುಬ್ಬಳ್ಳಿಯ ಕಾರು ಷೋರೂಮುಗಳಲ್ಲಿ ಅನೇಕವು ಗೋಕುಲ ರಸ್ತೆಯಲ್ಲಿವೆ. ದುರ್ಗದಬೈಲಿನಲ್ಲಿ ಕಾಯಿಪಲ್ಲೆಗೆ ಮಾಡುವಂತೆ ಒಟ್ಟು ಮೊತ್ತ ಹಿಡಿದು “ಇಷ್ಟಕ್ಕೆ ಕೊಡಿ” ಎಂದು ಎಳೆದಾಡಿದರೆ ಇಲ್ಲಿ ಸೋಲುತ್ತೀರಿ. ಒಂದು ಸಾಲಿನಲ್ಲಿ ಹತ್ತು ಸಾವಿರ ಬಿಟ್ಟು ಇನ್ನೊಂದರಲ್ಲಿ ಹನ್ನೆರಡು ಸೇರಿಸುವುದು ಅವರಿಗೆ ಕಷ್ಟವಲ್ಲ. ಆನ್ ರೋಡ್ ಬೆಲೆಯನ್ನು, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿದ ಮೊತ್ತವನ್ನು, ಸಾಲು ಸಾಲಾಗಿ ಬಿಡಿಸಿ, ಸಹಿ ಮತ್ತು ಮೊಹರು ಹಾಕಿದ ಕೊಟೇಶನ್ ಕೇಳಿ. ಹಳೆಯ ಗಾಡಿಯ ಮಾತು ಆಗ ಎತ್ತಬೇಡಿ. “ಗಾಡಿ ಇದೆಯೇ?” ಎಂದು ಅವರೇ ಕೇಳುತ್ತಾರೆ, “ಅದನ್ನು ಆಮೇಲೆ ನೋಡೋಣ” ಎನ್ನಿ. ಹೊಸದರ ದರ ಗಟ್ಟಿಯಾದ ಮೇಲೆ ಹಳೆಯದರ ಮಾತು.

ಎಕ್ಸ್ ಷೋರೂಮ್ ಬೆಲೆ ಕಂಪನಿಯದು, ಜೀವಾವಧಿ ತೆರಿಗೆ ಸರ್ಕಾರದ್ದು. ಇವುಗಳ ಮೇಲೆ ವಾದ ಬೇಡ, ನೋಡಿಕೊಂಡರೆ ಸಾಕು. ಸಣ್ಣ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಹಾಗಾಗಿ ಅದಕ್ಕೂ ಹಳೆಯ ಬೆಲೆಪಟ್ಟಿ ಹಿಡಿದು ಹೋಲಿಸಬೇಡಿ. ತೆರಿಗೆಯಲ್ಲಿ ಗಮನಿಸಬೇಕಾದ ಒಂದು ಮೆಟ್ಟಿಲಿದೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತರವರೆಗೆ ಶೇ. 17, ತೆರಿಗೆಯ ಮೇಲೆ ಶೇ. 11 ಉಪಕರ. 9.90 ಲಕ್ಷದ ಮಾದರಿಗೂ 10.10 ಲಕ್ಷದ ಮಾದರಿಗೂ ಬೆಲೆಯ ಅಂತರ ಇಪ್ಪತ್ತು ಸಾವಿರ. ತೆರಿಗೆಯ ಅಂತರವೇ ಸುಮಾರು 36,700. ಹತ್ತು ಲಕ್ಷ ದಾಟಿದರೆ ಶೇ. 1ರಷ್ಟು ಆದಾಯ ತೆರಿಗೆಯನ್ನೂ ಡೀಲರ್ ಮೂಲದಲ್ಲೇ ವಸೂಲು ಮಾಡುತ್ತಾರೆ. ಅದನ್ನು ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಸನ್‌ರೂಫ್ ಬೇಕೇ ಬೇಕು ಎಂದು ಮಕ್ಕಳು ಹಟ ಹಿಡಿದಾಗ ಈ ಲೆಕ್ಕವನ್ನು ಮುಂದಿಡಿ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಯಾರು ತೆರೆಯುತ್ತಾರೋ ನಾವು ಕಾಣೆವು.

ಚೌಕಾಸಿಗೆ ನಿಜವಾದ ಜಾಗ ವಿಮೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ) 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ, ಆದರೆ ಡೀಲರ್ ಬಳಿಯೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗಿನಿಂದ ಎರಡು ದರ ತಂದು ಮೇಜಿನ ಮೇಲಿಡಿ. ಷೋರೂಮಿನ ದರ ಅಲ್ಲೇ ಇಳಿಯುವುದನ್ನು ನಾವು ಕಂಡಿದ್ದೇವೆ. ಹಳೆಯ ಕಾರಿನ ಮೇಲೆ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಸ್ವಂತ ಹಾನಿ ವಿಮೆಯ ಕಂತಿನಲ್ಲಿ ಶೇ. 50ರವರೆಗೆ ಕಡಿಮೆ ಮಾಡುತ್ತದೆ. ಹಳೆಯ ಗಾಡಿ ಮಾರಿದಾಗ ಅಥವಾ ಗುಜರಿಗೆ ಕೊಟ್ಟಾಗ ವಿಮಾ ಕಂಪನಿಯಿಂದ ಅದರ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹಲವು ಕುಟುಂಬಗಳಿಗೆ ಗುಜರಿ ರಿಯಾಯಿತಿಗಿಂತ ಇದೇ ಹೆಚ್ಚು ಉಳಿಸುತ್ತದೆ, ಮತ್ತು ಇದನ್ನೇ ಮರೆಯುತ್ತಾರೆ.

ಹ್ಯಾಂಡ್ಲಿಂಗ್ ಶುಲ್ಕ, ಲಾಜಿಸ್ಟಿಕ್ಸ್ ಎಂಬ ಸಾಲುಗಳಿದ್ದರೆ ಹೊಡೆದು ಹಾಕಿಸಿ. ಅವು ಸರ್ಕಾರದ ಶುಲ್ಕಗಳಲ್ಲ. ಎಚ್‌ಎಸ್‌ಆರ್‌ಪಿ ಎಂಬ ಭದ್ರತಾ ನಂಬರು ಫಲಕ ಹೊಸ ಗಾಡಿಯೊಂದಿಗೇ ಬರಬೇಕು. ನೆಲಹಾಸು, ಸೀಟ್ ಕವರ್, ಬಣ್ಣದ ಲೇಪನ ಸೇರಿಸಿದ ‘ಎಸೆನ್ಶಿಯಲ್ ಕಿಟ್’ ಬೇಡವೆನ್ನಿ. ಅವರು ನಗದು ರಿಯಾಯಿತಿ ಕೊಡಲಾರೆವು ಎಂದಾಗ ಅದೇ ಕಿಟ್ಟನ್ನು ಉಚಿತವಾಗಿ ಕೇಳಿ. ಕಾರ್ಪೊರೇಟ್ ರಿಯಾಯಿತಿಯನ್ನು ಅವರಾಗಿ ಹೇಳುವುದಿಲ್ಲ. ರೈಲ್ವೆ, ಬ್ಯಾಂಕು, ವಿಶ್ವವಿದ್ಯಾಲಯದಲ್ಲಿ ಇರುವವರು ಗುರುತಿನ ಚೀಟಿ ತೋರಿಸಿ ಕೇಳಬೇಕು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಗೆ ವರ್ಗವಾಗಿ ಬಂದು ಮತ್ತೆ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇರುವವರು ರಾಜ್ಯ ಬದಲಾದರೂ ಹೊಸ ನಂಬರು ಬೇಡದ ಬಿಎಚ್ ಸರಣಿಯ ನೋಂದಣಿಯನ್ನೂ ವಿಚಾರಿಸಲಿ; ಅದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು.

ಪೈಪೋಟಿ ಇಲ್ಲದೆ ದರ ಇಳಿಯುವುದಿಲ್ಲ. ತೆರಿಗೆ ರಾಜ್ಯದಾದ್ಯಂತ ಒಂದೇ ಆದ್ದರಿಂದ ಬೆಳಗಾವಿಯ ಅಥವಾ ದಾವಣಗೆರೆಯ ಡೀಲರ್ ಕೊಟ್ಟ ಕೊಟೇಶನ್ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಬರುತ್ತದೆ. ಗದಗ, ಹಾವೇರಿಯಲ್ಲಿ ನೆಲೆಸಿದವರು ಅಲ್ಲಿನ ಮಳಿಗೆಯಲ್ಲಿ ಗಾಡಿ ನೋಡಿ, ದರವನ್ನು ಹುಬ್ಬಳ್ಳಿಯಲ್ಲೂ ಕೇಳಲಿ. ಗೋವಾದಲ್ಲಿ ಅಗ್ಗ ಎಂದು ಅಲ್ಲಿನ ಯಾರದೋ ವಿಳಾಸದಲ್ಲಿ ಕೊಂಡು ಇಲ್ಲಿ ಓಡಿಸುವ ಸಲಹೆ ಕೊಡುವವರು ಊರ ತುಂಬ ಇದ್ದಾರೆ, ಕಿವಿಗೊಡಬೇಡಿ.

ಇನ್ನು ಕಾಲ. ದಸರೆಯ ಆಯುಧಪೂಜೆ, ದೀಪಾವಳಿಯ ಪಾಡ್ಯ, ಯುಗಾದಿ, ಅಕ್ಷಯ ತೃತೀಯ ಬಂತೆಂದರೆ ಷೋರೂಮಿನ ಮುಂದೆ ಜಾತ್ರೆ. ಆಗ ಯಾರೂ ನಿಮ್ಮ ಮಾತಿಗೆ ಬಗ್ಗುವುದಿಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಗಾಡಿ ಮನೆಗೆ ತರಬಾರದೆಂಬ ನಂಬಿಕೆ ಇಲ್ಲಿ ಗಟ್ಟಿ, ಆದರೆ ಮಾರುವವರಿಗೆ ತಿಂಗಳ ಮಾರಾಟದ ಗುರಿ ಆಗಲೂ ಇದ್ದೇ ಇರುತ್ತದೆ, ಹಾಗಾಗಿ ಬಗ್ಗುತ್ತಾರೆ. ಆಷಾಢದ ಕೊನೆಯಲ್ಲಿ ದರ ಗಟ್ಟಿ ಮಾಡಿ, ಅದೇ ದರ ವಿತರಣೆಯ ದಿನಕ್ಕೂ ಅನ್ವಯಿಸುತ್ತದೆ ಎಂದು ಬರೆಸಿಕೊಂಡು, ಶ್ರಾವಣದಲ್ಲಿ ಗಾಡಿ ತಂದು ಸಿದ್ಧಾರೂಢ ಮಠದ ಮುಂದೆ ಪೂಜೆ ಮಾಡಿಸಿದರೆ ಹಿರಿಯರೂ ಒಪ್ಪುತ್ತಾರೆ. ಧನುರ್ಮಾಸ ಡಿಸೆಂಬರ್ ಕೊನೆಗೆ ಬರುವುದರಿಂದ ರಿಯಾಯಿತಿ ಇನ್ನೂ ದೊಡ್ಡದು, ಆದರೆ ಗಾಡಿಯ ತಯಾರಿಕೆಯ ವರ್ಷ ಹಿಂದಿನದಾಗುತ್ತದೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ. ಮೂರು ವರ್ಷಕ್ಕೆ ಮಾರುವವರು ಉಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳುತ್ತಾರೆ.

ಓಡಿಸಿ ನೋಡುವುದು, ಹಣ ಕಟ್ಟುವುದು

ಟೆಸ್ಟ್ ಡ್ರೈವ್ ಎಂದರೆ ಗೋಕುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳುಹಿಸುತ್ತಾರೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಉಣಕಲ್ ಕಡೆಯ ಸಂಜೆಯ ದಟ್ಟಣೆಯಲ್ಲಿ ಕ್ಲಚ್ ಒತ್ತಿ ನೋಡಿ (ಅವಳಿ ನಗರದ ಚಿಗರಿ ಬಸ್ಸಿಗೇ ಮೀಸಲಾದ ಪಥ ಖಾಲಿ ಕಂಡರೂ ನುಗ್ಗಬೇಡಿ, ಅದು ನಿಮಗಲ್ಲ). ಧಾರವಾಡದವರಾದರೆ ನಿಮ್ಮ ಬಡಾವಣೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ. ನವಲಗುಂದ, ಅಣ್ಣಿಗೇರಿಯ ಕಡೆ ಹೊಲಮನೆ ಇದ್ದವರು ಮಳೆಗಾಲದ ಎರೆಮಣ್ಣನ್ನು ನೆನೆದು ಗಾಡಿಯ ತಳ ನೆಲದಿಂದ ಎಷ್ಟು ಎತ್ತರವಿದೆ ಎಂದು ಕೇಳಲಿ.

ಬುಕ್ ಮಾಡುವ ಮೊದಲು ಆಧಾರ್ ವಿಳಾಸವನ್ನು ಇಲ್ಲಿಗೆ ಬದಲಾಯಿಸಿಕೊಳ್ಳಿ. ವಿಳಾಸಕ್ಕೆ ತಕ್ಕಂತೆ ಧಾರವಾಡಕ್ಕೆ ಕೆಎ-25, ಹುಬ್ಬಳ್ಳಿಗೆ ಕೆಎ-63, ಗದಗಕ್ಕೆ ಕೆಎ-26, ಹಾವೇರಿಗೆ ಕೆಎ-27 ಬರುತ್ತದೆ. ಆಧಾರ್ ಇನ್ನೂ ಪುಣೆಯದೇ ಆಗಿದ್ದರೆ ನೋಂದಣಿ ಆ ಹಂತದಲ್ಲೇ ಸಿಕ್ಕಿಬೀಳಬಹುದು. ಹಣವನ್ನು ಷೋರೂಮಿನ ಖಾತೆಗೆ ಮಾತ್ರ ಹಾಕಿ, ಸೇಲ್ಸ್ ಹುಡುಗನ ಮೊಬೈಲ್ ನಂಬರಿಗೆ ನೂರು ರೂಪಾಯಿಯನ್ನೂ ಹಾಕಬೇಡಿ. ಸಾಲವನ್ನು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿಯೇ ಡೀಲರ್ ಹೇಳಿದ ಬಡ್ಡಿಗೆ ತಲೆಯಾಡಿಸಿ.

ಪೂರ್ತಿ ಹಣ ಕಟ್ಟುವ ಮುಂಚೆ, ನೋಂದಣಿಗೆ ಕಳುಹಿಸುವ ಮುಂಚೆ, ನಿಮಗೆ ಕೊಡುವ ಗಾಡಿಯನ್ನೇ ಹಗಲು ಬೆಳಕಿನಲ್ಲಿ ನೋಡಿ. ತಯಾರಕರ ಪ್ರಮಾಣಪತ್ರವಾದ ಫಾರ್ಮ್ 22ರಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ. ಚಾಸಿ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಿ. ಒಪ್ಪಿದ ಪ್ರತಿ ರಿಯಾಯಿತಿಯೂ, ಗುಜರಿಯದೂ ಸೇರಿ, ಬಿಲ್ಲಿನಲ್ಲಿ ಬೇರೆ ಬೇರೆ ಸಾಲಾಗಿ ಕಾಣಬೇಕು. “ಆಮೇಲೆ ಖಾತೆಗೆ ಬರುತ್ತದೆ” ಎಂದರೆ ಎಷ್ಟು ದಿನದಲ್ಲಿ ಎಂದು ಲಿಖಿತವಾಗಿ ಪಡೆಯಿರಿ. ಹಳೆಯ ಕಾರಿನ ಫಾಸ್ಟ್ಯಾಗ್ ಮುಚ್ಚಿಸಿ ಉಳಿದ ಹಣ ತೆಗೆದುಕೊಳ್ಳಿ. ಗುಜರಿಗೆ ಕೊಟ್ಟ ಕೆಲವು ವಾರಗಳ ನಂತರ ಆ ನಂಬರನ್ನು ಸರ್ಕಾರದ ನೋಂದಣಿ ದಾಖಲೆಯಾದ ವಾಹನ್ ತಾಣದಲ್ಲಿ ಹುಡುಕಿ ನೋಡಿ. ನೋಂದಣಿ ರದ್ದಾಗಿದೆ ಎಂದು ತೋರಿಸದಿದ್ದರೆ ಗುಜರಿ ಘಟಕದ ಪ್ರಮಾಣಪತ್ರದೊಂದಿಗೆ ಆ ಗಾಡಿ ನೋಂದಣಿಯಾಗಿದ್ದ ಆರ್‌ಟಿಒಗೇ ಬರೆಯಬೇಕು. ಅರ್ಜಿಯ ಮಾದರಿ ಸಂಘದ ಕಚೇರಿಯಲ್ಲಿದೆ.